ಖಬರ ಹುಡುಕೋರಿಗೆ ಒಂದು ಬಹುಮಾನ: ವಯಸ್ಸು ಯಾವಾಗಿಂದ ಲೆಕ್ಕ?

1/11

ನಮ್ಮ ಕಡೆ ಯಾರಾದ್ರೂ ಬಿಸಿಲಿಗೆ ತಲೆ ತಿರುಗಿ ಬಿದ್ರೆ ಏನಂತಾರೆ? "ಮೈಮ್ಯಾಲ ಖಬರಿಲ್ಲ" ಅಂತಾರೆ. ಕುಡಿದು ಗಟಾರದ ಬಾಜೂಕ ಬಿದ್ದವನಿಗೂ ಅದೇ ಮಾತು, ಫೋನ್ ನೋಡ್ಕೋತ ಹಾಲು ಉಕ್ಕಿಸಿದವನಿಗೂ ಅದೇ ಮಾತು. ಖಬರ್ ಅಂದ್ರೆ ಉರ್ದುವಿನಲ್ಲಿ ಸುದ್ದಿ. ಮೈಯ ಸುದ್ದಿ ಮೈಗೇ ಮುಟ್ಟದಂಗ ಆಗೋದು, ಅದೇ ಖಬರಿಲ್ಲದಿರೋದು. ಪೇಪರ್‌ನವರು ಇದಕ್ಕೆ ಪ್ರಜ್ಞೆ ಅಂತ ಬರೀತಾರೆ. ಬಸವಣ್ಣ, ಅಲ್ಲಮರ ಕಾಲದವರು ಅರಿವು ಅಂದ್ರು. ನಾನು ಈ ಸರಣಿಯಲ್ಲಿ ಮೂರೂ ಪದ ಬಳಸ್ತೀನಿ, ಹೊಂದಿಸಿಕೊಂಡು ಓದ್ರಿ.

ಈ ಪ್ರಜ್ಞೆ ಅನ್ನೋದು ಏನು, ಮೂರು ಪೌಂಡ್ ಚಿಲ್ಲರೆ ತೂಕದ ಮಿದುಳಿನಿಂದ ಅದು ಹೆಂಗ ಬರುತ್ತೆ ಅಂತ ಸಂಶೋಧನೆ ಮಾಡೋ ಹೊಸಬರಿಗೆ ಅಂತಲೇ ಜಗತ್ತಿನಲ್ಲಿ ಒಂದು ಬಹುಮಾನ ಇದೆ. ಹೆಸರು ವಿಲಿಯಂ ಜೇಮ್ಸ್ ಪ್ರೈಜ್. ಕೊಡೋದು ಅಸೋಸಿಯೇಷನ್ ಫಾರ್ ದ ಸೈಂಟಿಫಿಕ್ ಸ್ಟಡಿ ಆಫ್ ಕಾನ್ಷಿಯಸ್‌ನೆಸ್ ಅನ್ನೋ ಅಂತರರಾಷ್ಟ್ರೀಯ ಸಂಘ. ಉದ್ದ ಹೆಸರು, ಎಎಸ್‌ಎಸ್‌ಸಿ ಅಂದ್ರೆ ಸಾಕು.

ಬಿಕಾಂ ಓದೋನಿಗೆ ಇದರ ಉಸಾಬರಿ ಯಾಕೆ ಅಂತ ಕೇಳ್ತೀರಿ, ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಅದರ ಒಂದು ನಿಯಮ. ಬಹುಮಾನ ಯಾರಿಗೆ ಅಂದ್ರೆ, ಇನ್ನೂ ಪಿಎಚ್‌ಡಿ ಮಾಡ್ತಿರೋರಿಗೆ, ಇಲ್ಲಾ ಪಿಎಚ್‌ಡಿ ಮುಗಿದು 5 ವರ್ಷ ದಾಟದವರಿಗೆ. ಎಲ್ಲೂ ಹುಟ್ಟಿದ ತಾರೀಖು ಕೇಳೋದಿಲ್ಲ. ಲೆಕ್ಕಪತ್ರ ಓದೋರಿಗೆ ಗೊತ್ತಿರುತ್ತೆ, ಲೆಕ್ಕ ಯಾವ ತಾರೀಖಿನಿಂದ ಶುರು ಅನ್ನೋದರ ಮ್ಯಾಲೆ ಲಾಭ ನಷ್ಟ ಎರಡೂ ಬದಲಾಗ್ತವೆ.

2/11

ಮೊದಲು ಆ ಹೆಸರಿನ ಮನುಷ್ಯನ ಕತೆ.

ವಿಲಿಯಂ ಜೇಮ್ಸ್ ಹುಟ್ಟಿದ್ದು 1842ರಲ್ಲಿ, ನ್ಯೂಯಾರ್ಕ್‌ನಲ್ಲಿ. ಮೊದಲು ಚಿತ್ರಕಲೆ ಕಲಿಯಾಕ ಹೋದ, ಬಿಟ್ಟ. ರಸಾಯನಶಾಸ್ತ್ರಕ್ಕೆ ಹೋದ, ಅದನ್ನೂ ಬಿಟ್ಟ. ಕೊನೆಗೆ 1869ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರ್ ಡಿಗ್ರಿ ತಗೊಂಡ, ಆದ್ರೆ ಒಬ್ಬ ರೋಗಿಗೂ ಮದ್ದು ಕೊಡುವ ವೃತ್ತಿ ಹಿಡೀಲಿಲ್ಲ. ಆಮೇಲೆ ಕೆಲವು ವರ್ಷ ಖಿನ್ನತೆ. ನಮ್ಮ ಮನಿ ಮಂದಿ ಆಗಿದ್ರೆ "ಈ ಹುಡುಗಂದು ಏನೂ ನೆಟ್ಟಗಿಲ್ಲ" ಅಂತ ತೀರ್ಪು ಕೊಟ್ಟು ಬಿಡ್ತಿದ್ರು.

1878ರಲ್ಲಿ ಮನಶ್ಶಾಸ್ತ್ರದ ಪುಸ್ತಕ ಬರೆದು ಕೊಡ್ತೀನಿ ಅಂತ ಪ್ರಕಾಶಕರಿಗೆ ಮಾತು ಕೊಟ್ಟ. ಎರಡು ವರ್ಷದ ಕೆಲಸ ಅಂದಿದ್ದ. ಆಗಿದ್ದು 12 ವರ್ಷ. 1890ರಲ್ಲಿ "ದ ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ" ಎರಡು ದಪ್ಪ ಸಂಪುಟಗಳಾಗಿ ಹೊರಗೆ ಬಂದಾಗ ಅವನಿಗೆ 48. ನಮ್ಮ ಪ್ರಜ್ಞೆ ಬಿಡಿಬಿಡಿ ತುಂಡುಗಳ ಸರಪಳಿ ಅಲ್ಲ, ಹೊಳೆ ಹರಿದಂಗ ಒಂದೇ ಸಮ ಹರೀತದೆ ಅನ್ನೋ ಹೋಲಿಕೆ ಮನಶ್ಶಾಸ್ತ್ರದಲ್ಲಿ ನೆಲೆ ನಿಂತದ್ದು ಅವನಿಂದ. ಕೃಷ್ಣಾ ದಂಡಿಯವರಿಗೆ ಈ ಹೋಲಿಕೆ ಬಿಡಿಸಿ ಹೇಳೋ ಅಗತ್ಯ ಇಲ್ಲ. ನಿನ್ನೆ ನೋಡಿದ ನೀರು ಇವತ್ತಿಲ್ಲ, ಹೊಳೆ ಮಾತ್ರ ಅದೇ.

48ಕ್ಕೆ ಮೊದಲ ದೊಡ್ಡ ಪುಸ್ತಕ ಬರೆದವನ ಹೆಸರು ಹೊಸಬರ ಬಹುಮಾನಕ್ಕೆ ಅಂಟಿಕೊಂಡಿದೆ. ನನಗೆ ಇದು ಬಹಳ ಚಲೋ ಅನಿಸ್ತು.

3/11

ಜೇಮ್ಸ್ ಆದಮೇಲೆ ಈ ವಿಷಯಕ್ಕೆ ಬೀಗ ಬಿತ್ತು. 1913ರಲ್ಲಿ ಅಮೆರಿಕದ ಜಾನ್ ವ್ಯಾಟ್ಸನ್ ಒಂದು ಲೇಖನ ಬರೆದು, ಮನಶ್ಶಾಸ್ತ್ರ ಇನ್ನು ಪ್ರಜ್ಞೆಯ ಮಾತೇ ಎತ್ತಬಾರದು, ಹೊರಗೆ ಕಾಣೋ ನಡವಳಿಕೆ ಅಷ್ಟನ್ನೇ ಅಳೀಬೇಕು ಅಂತ ವಾದ ಮಾಡಿದ. ಅವನ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಒಳಗೆ ಏನಾಗ್ತದೆ ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಯಾರದ್ದು ಖರೆ ಅಂತ ನಂಬೋದು? ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ಪೋದಿಲ್ಲ, ಹಂಗೆ. ಆದ್ರೆ ವೋಚರ್ ಇಲ್ಲ ಅಂದ ಮಾತ್ರಕ್ಕೆ ಖರ್ಚೇ ಆಗಿಲ್ಲ ಅನ್ನೋಕಾಗುತ್ತಾ?

ಮುಂದೆ ಸುಮಾರು 70 ವರ್ಷ, ಅಮೆರಿಕ ಇಂಗ್ಲೆಂಡಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರಜ್ಞೆ ಅನ್ನೋ ಪದ ಬಾಯಿಬಿಟ್ಟು ಹೇಳೋದೇ ಮುಜುಗರದ ವಿಷಯ ಆಗಿತ್ತು. 1989ರಲ್ಲಿ ಬ್ರಿಟನ್‌ನ ಸ್ಟುವರ್ಟ್ ಸದರ್ಲೆಂಡ್ ಮನಶ್ಶಾಸ್ತ್ರದ ಒಂದು ನಿಘಂಟು ತಂದ. ಪ್ರಜ್ಞೆ ಅನ್ನೋ ಪದದ ಎದುರಿಗೆ, ಇದರ ಬಗ್ಗೆ ಓದಬಹುದಾದದ್ದು ಏನೂ ಇನ್ನೂ ಬರೆದಿಲ್ಲ ಅನ್ನೋ ಅರ್ಥದ ಮಾತು ಬರೆದ. ನಿಘಂಟಿನಲ್ಲೇ ಹಿಂಗಂದ್ರೆ ಹೊಸದಾಗಿ ಕೆಲಸ ಹುಡುಕೋ ಹುಡುಗ ಹುಡುಗಿಯರ ಗತಿ ಏನು? ಮೊದಲು ಕಾಯಂ ನೌಕರಿ ಗಿಟ್ಟಿಸಿಕೋ, ಆಮೇಲೆ ಬೇಕಾದ್ರೆ ಪ್ರಜ್ಞೆ ಗಿಜ್ಞೆ ಅನ್ನು, ಇದು ಆಗಿನ ಬುದ್ಧಿಮಾತು.

ಬೀಗ ತೆಗೆದವರು ಯಾರು ನೋಡ್ರಿ. ಫ್ರಾನ್ಸಿಸ್ ಕ್ರಿಕ್. ಡಿಎನ್‌ಎ ರಚನೆ ಕಂಡುಹಿಡಿದು 1962ರಲ್ಲಿ ನೊಬೆಲ್ ತಗೊಂಡವರು. 1990ರಲ್ಲಿ ಕ್ರಿಸ್ಟೋಫ್ ಕಾಖ್ ಅನ್ನೋ ಕಿರಿಯನ ಜೊತೆ ಸೇರಿ, ಪ್ರಜ್ಞೆಯನ್ನ ಮಿದುಳಿನ ನರಕೋಶಗಳಲ್ಲಿ ಹುಡುಕೋಣ ಅಂತ ಒಂದು ಲೇಖನ ಬರೆದ್ರು. ಆಗ ಕ್ರಿಕ್‌ಗೆ 70 ದಾಟಿತ್ತು, ಕಾಖ್‌ಗೆ 33. ಗೆದ್ದು ಮುಗಿಸಿದ ಮುದುಕರಿಗೆ ಮಾತ್ರ ಈ ಪ್ರಶ್ನೆ ಕೇಳೋ ಧೈರ್ಯ. ಯಾಕಂದ್ರೆ ಅವರ ಬಾಯಿ ಮುಚ್ಚಿಸೋರು ಯಾರೂ ಇಲ್ಲ, ಕಸಿದುಕೊಳ್ಳೋಕೆ ನೌಕರಿಯೂ ಇಲ್ಲ.

4/11

1994ರಲ್ಲಿ ಅಮೆರಿಕದ ಟೂಸಾನ್ ಊರಾಗ ಒಂದು ಸಮ್ಮೇಳನ ಆಯ್ತು. ಅಲ್ಲಿ ಉದ್ದ ಕೂದಲಿನ ಒಬ್ಬ ತರುಣ ಎದ್ದು ನಿಂತ, ಡೇವಿಡ್ ಚಾಮರ್ಸ್, ಆಸ್ಟ್ರೇಲಿಯಾದವನು, 30 ಕೂಡ ತುಂಬಿರಲಿಲ್ಲ. ಅವನು ಪ್ರಶ್ನೆಯನ್ನ ಎರಡು ಹೋಳು ಮಾಡಿದ. ಮಿದುಳು ಹೆಂಗ ನೋಡ್ತದೆ, ನೆನಪಿಡ್ತದೆ, ಮಾತಾಡ್ತದೆ ಅನ್ನೋದು ಸುಲಭದ ಹೋಳು (ಸುಲಭ ಅಂದ್ರೆ ಇನ್ನೊಂದು ನೂರು ವರ್ಷದ ಕೆಲಸ). ಅಷ್ಟೆಲ್ಲ ನಡೆಯೋವಾಗ ಒಳಗಿನವನಿಗೆ ಅದರ ಅನುಭವ ಯಾಕೆ ಆಗ್ತದೆ ಅನ್ನೋದು ಕಷ್ಟದ ಹೋಳು. ಗುಂಟೂರು ಮೆಣಸಿನಕಾಯಿ ತಿಂದಾಗ ನರದೊಳಗೆ ಏನು ಹರೀತದೆ ಅಂತ ಡಾಕ್ಟರ್ ಬೋರ್ಡ್ ಮೇಲೆ ಬರೆದು ತೋರಿಸಬಹುದು. ಆದ್ರೆ ಉರಿ ಅನ್ನೋದು ಉರಿಯಾಗೇ ಯಾಕೆ ಅನಿಸ್ತದೆ?

ಎಎಸ್‌ಎಸ್‌ಸಿ ತನ್ನ ಮೊದಲ ಸಮ್ಮೇಳನ ನಡೆಸಿದ್ದು 1997ರಲ್ಲಿ, ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ. ವಿಲಿಯಂ ಜೇಮ್ಸ್ ಬಹುಮಾನ ಈ ಸಂಘದ ಕೂಸು. ಪ್ರಕಟವಾದ ಒಂದು ಒಳ್ಳೆ ಕೆಲಸಕ್ಕೆ ಕೊಡ್ತಾರೆ, ಅದು ಪ್ರಯೋಗಾಲಯದ್ದಿರಬಹುದು, ತತ್ತ್ವಶಾಸ್ತ್ರದ್ದೂ ಇರಬಹುದು. ನನ್ನ ಪ್ರಕಾರ ಈ ಬಹುಮಾನದ ನಿಜವಾದ ಅರ್ಥ ಹಣದಲ್ಲಿಲ್ಲ, ಪದಕದಲ್ಲೂ ಇಲ್ಲ. ಇಲ್ಲಿವರೆಗೂ ಮುದುಕರಿಗಷ್ಟೇ ಇದ್ದ ಪ್ರಶ್ನೆಯನ್ನ ನೀನು ಈಗಲೇ ಕೇಳಬಹುದು ಅಂತ ಹೊಸಬರಿಗೆ ಕೊಟ್ಟ ಪರವಾನಗಿ ಅದು.

ಇದನ್ನ ಗೆದ್ದವರಲ್ಲಿ ಒಬ್ಬರು ಸ್ಟೀವ್ ಫ್ಲೆಮಿಂಗ್. ಯುನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪಿಎಚ್‌ಡಿ ಮಾಡ್ತಿರೋವಾಗಲೇ, 2010ರಲ್ಲಿ, "ಸೈನ್ಸ್" ಪತ್ರಿಕೆಯಲ್ಲಿ ಅವರ ತಂಡದ ಒಂದು ಲೇಖನ ಬಂತು. ಪ್ರಯೋಗ ಸರಳ. ಪರದೆ ಮೇಲೆ ಕಣ್ಣು ಮಿಟುಕಿಸೋದರೊಳಗೆ ಎರಡು ಸಲ ಚಿತ್ರ ತೋರಿಸ್ತಾರೆ. ಎದ್ದು ಕಾಣೋ ಪಟ್ಟಿ ಮೊದಲನೇದರಲ್ಲಿತ್ತೋ ಎರಡನೇದರಲ್ಲೋ ಹೇಳಬೇಕು. ಆಮೇಲೆ, ನಿನ್ನ ಉತ್ತರ ಸರಿ ಅಂತ ನಿನಗೆ ಎಷ್ಟು ನಂಬಿಕೆ ಅಂತ ಅಂಕ ಹಾಕಬೇಕು. ಕೆಲವರು ಉತ್ತರವನ್ನೂ ಕೊಡ್ತಾರೆ, ಅದು ತಪ್ಪಿದ್ರೆ ತಪ್ಪಿರಬಹುದು ಅಂತಲೂ ಅವರಿಗೆ ಗೊತ್ತಾಗುತ್ತೆ. ಇನ್ನು ಕೆಲವರಿಗೆ ಸರಿಗೂ ತಪ್ಪಿಗೂ ಒಂದೇ ನಂಬಿಕೆ. ಈ ವ್ಯತ್ಯಾಸಕ್ಕೂ ಹಣೆಯ ಹಿಂದಿನ ಮಿದುಳಿನ ಭಾಗದ ರಚನೆಗೂ ಸಂಬಂಧ ಕಾಣ್ತದೆ ಅಂತ ಅವರು ತೋರಿಸಿದ್ರು. ವ್ಯಾಟ್ಸನ್ ಕೇಳಿದ ವೋಚರ್ ಇದ್ದಂಗ ನೋಡ್ರಿ ಇದು. ಒಳಗಿನ ಮಾತಿಗೆ ಹೊರಗಿನ ಪುರಾವೆ.

(ಕಾಸ್ಟಿಂಗ್ ಪೇಪರ್ ಬರೆದು ಹೊರಗೆ ಬಂದು "ನೂರಕ್ಕೆ ತೊಂಬತ್ತು ಪಕ್ಕಾ" ಅನ್ನೋ ನಮ್ಮ ಹಿಂದಿನ ಬೆಂಚಿನ ಮಂದೀನ ಆ ಯಂತ್ರದಾಗ ಮಲಗಿಸಬೇಕು.)

5/11

ಒಂದು ಪಂದ್ಯದ ಕತೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ.

1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಇದೇ ಸಂಘದ ಸಮ್ಮೇಳನ. ರಾತ್ರಿ ಕಾಖ್ ಮತ್ತು ಚಾಮರ್ಸ್ ಕೂತು ಮಾತಾಡ್ತಾ ಪಂದ್ಯ ಕಟ್ಟಿದ್ರು. ಇನ್ನು 25 ವರ್ಷದೊಳಗೆ ಮಿದುಳಿನಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತು ಸಿಗ್ತದೆ ಅಂತ ಕಾಖ್. ಸಿಗೋದಿಲ್ಲ ಅಂತ ಚಾಮರ್ಸ್. ಸೋತವರು ಒಂದು ಪೆಟ್ಟಿಗೆ ಒಳ್ಳೆ ವೈನ್ ಕೊಡಬೇಕು.

2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದೇ ಸಂಘದ ಸಮ್ಮೇಳನ ಸೇರಿತ್ತು. ಪ್ರಜ್ಞೆಯ ಎರಡು ದೊಡ್ಡ ಸಿದ್ಧಾಂತಗಳನ್ನ ಎದುರುಬದುರು ನಿಲ್ಲಿಸಿ ಪರೀಕ್ಷೆ ಮಾಡಿದ ಫಲಿತಾಂಶ ಅಲ್ಲಿ ಹೊರಗೆ ಬಂತು. ಎರಡೂ ಬಣದವರು ಮೊದಲೇ ಕೂತು, ಇಂಥದ್ದು ಕಂಡ್ರೆ ನಾವು ಗೆದ್ದಂಗ, ಇಂಥದ್ದು ಕಂಡ್ರೆ ಸೋತಂಗ ಅಂತ ಒಪ್ಪಿಕೊಂಡು ನಡೆಸಿದ ಪ್ರಯೋಗ ಅದು. ಒಟ್ಟು 256 ಜನರ ಮೇಲೆ ಮಾಡಿದ ಈ ಕೆಲಸ 2025ರಲ್ಲಿ "ನೇಚರ್" ಪತ್ರಿಕೆಯಲ್ಲಿ ಪ್ರಕಟ ಆಯ್ತು. ಯಾವ ಬಣವೂ ಪೂರ್ತಿ ಗೆಲ್ಲಲಿಲ್ಲ. ಕಾಖ್ ವೇದಿಕೆ ಮೇಲೆ ಬಂದು ವೈನ್ ಪೆಟ್ಟಿಗೆಯನ್ನ ಚಾಮರ್ಸ್ ಕೈಗೆ ಕೊಟ್ರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಗಳವೂ ಆಯ್ತು. 124 ವಿದ್ವಾಂಸರು ಸಹಿ ಹಾಕಿ, ಆ ಎರಡರಲ್ಲಿ ಒಂದು ಸಿದ್ಧಾಂತ ವಿಜ್ಞಾನವೇ ಅಲ್ಲ, ಸೋಗು ಅಂತ ಬಹಿರಂಗ ಪತ್ರ ಬರೆದ್ರು. ಅಂದ್ರೆ ಈ ಅಂಗಡಿಯ ಲೆಕ್ಕ ಇನ್ನೂ ತಾಳೆ ಆಗಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗ್ತದೆ ಹೇಳ್ರಿ.

6/11

"ಹೊಟ್ಟೆಗೆ ಹಿಟ್ಟಿಲ್ಲ, ಇದೆಲ್ಲ ಯಾರಿಗೆ ಬೇಕು" ಅಂತ ಕಾಮೆಂಟ್ ಬರ್ತದೆ, ಬರಲಿ. ಅದಕ್ಕೆ ಮೊದಲೇ ಒಂದು ವಿಷಯ ಹೇಳ್ತೀನಿ.

2006ರಲ್ಲಿ ಏಡ್ರಿಯನ್ ಓವೆನ್ ಅನ್ನೋ ವಿಜ್ಞಾನಿ ಒಬ್ಬ ಯುವತಿಯ ಮಿದುಳಿನ ಸ್ಕ್ಯಾನ್ ಮಾಡಿದ್ರು. ರಸ್ತೆ ಅಪಘಾತ, ವಯಸ್ಸು 23, ಕಣ್ಣು ತೆರೆದಿದ್ರೂ ಖಬರಿಲ್ಲ ಅಂತ ಡಾಕ್ಟರ್‌ಗಳು ಬರೆದಿದ್ರು. ಆಕೆಗೆ "ಟೆನಿಸ್ ಆಡ್ತಿದ್ದೀನಿ ಅಂತ ಊಹಿಸಿಕೋ" ಅಂದ್ರು. ಆಮೇಲೆ "ನಿಮ್ಮ ಮನೆಯೊಳಗೆ ಅಡ್ಡಾಡ್ತಿದ್ದೀನಿ ಅಂತ ಊಹಿಸಿಕೋ" ಅಂದ್ರು. ಆರೋಗ್ಯವಂತರ ಮಿದುಳಿನಲ್ಲಿ ಆ ಮಾತುಗಳಿಗೆ ಯಾವ್ಯಾವ ಭಾಗ ಚುರುಕಾಗ್ತವೋ ಆಕೆಯ ಮಿದುಳಿನಲ್ಲೂ ಅವೇ ಚುರುಕಾದವು. ಒಳಗೆ ಆಕೆ ಕೇಳಿಸಿಕೊಳ್ತಿದ್ಲು.

2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಕೈಕಾಲು ಆಡಿಸದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಹೀಗೆ ಉತ್ತರ ಕೊಟ್ಟಿತು. ನಾಲ್ಕರಲ್ಲಿ ಒಬ್ಬರು. ಲಿಂಗಸುಗೂರು ರೋಡ್, ಮಂತ್ರಾಲಯ ರೋಡ್, ಯಾವುದೇ ರೋಡ್ ಇರಲಿ, ಬೈಕ್ ಅಪಘಾತ ಆಗಿ ಐಸಿಯುದಲ್ಲಿ ಮಲಗಿದವರ ಸುತ್ತ ನಿಂತು ಮನೆಯವರು ಏನೇನು ಮಾತಾಡ್ತಾರೆ ಅಂತ ಸ್ವಲ್ಪ ಯೋಚನೆ ಮಾಡ್ರಿ. ಬಿಲ್ ಎಷ್ಟಾಯ್ತು, ಹೊಲ ಮಾರೋಣೇನು, ಮನಿಗೆ ಕರ್ಕೊಂಡು ಹೋಗೋಣೇನು. ಪ್ರಜ್ಞೆಯ ಸಂಶೋಧನೆ ಅಂದ್ರೆ ಆ ಹಾಸಿಗೆಯ ಪ್ರಶ್ನೆ.

7/11

ಈಗ ನಮ್ಮ ರಾಜ್ಯಕ್ಕೆ ಬರೋಣ. ಈ ಸರಣಿ ಬರೀಬೇಕು ಅನಿಸಿದ್ದೇ ಈ ಭಾಗಕ್ಕಾಗಿ.

ವ್ಯಾಟ್ಸನ್‌ನ ಬೀಗ ಬಿದ್ದ ಕಾಲದಲ್ಲೇ, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೀತು. ಭಾರತದಲ್ಲಿ ಕಲ್ಕತ್ತಾ ಬಿಟ್ರೆ ಆಗ ಇಂಥದ್ದು ಇರಲಿಲ್ಲ ಅನ್ನುವಷ್ಟು ಅಪರೂಪ. ಕುಲಪತಿ ಆಗಿದ್ದವರು ಬ್ರಜೇಂದ್ರನಾಥ ಸೀಲ್, ಬಂಗಾಳದ ದೊಡ್ಡ ತತ್ತ್ವಜ್ಞಾನಿ. ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಯುನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ ಪಿಎಚ್‌ಡಿ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ರು. ವಯಸ್ಸು 30ರ ಒಳಗೆ. (ಫ್ಲೆಮಿಂಗ್ ಓದಿದ ಕಾಲೇಜೂ ಅದೇ, ನಡುವೆ ಸುಮಾರು 90 ವರ್ಷ.)

ಮೈಸೂರಿನಲ್ಲಿ ಅವರ ಹೆಸರು ಮನಶ್ಶಾಸ್ತ್ರಕ್ಕಿಂತ ಬೇರೆ ಕಾರಣಕ್ಕೆ ಉಳೀತು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದ, 30 ವ್ಯಾಟ್‌ನ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದ್ರು. ನಮ್ಮ ಮನೆಯ ಹಳೆ ಟ್ಯೂಬ್‌ಲೈಟ್‌ಗೇ 40 ವ್ಯಾಟ್! ಆ ಕೇಂದ್ರದ ಹೆಸರು ಆಕಾಶವಾಣಿ. ಇಡೀ ದೇಶದ ರೇಡಿಯೋಕ್ಕೆ ಇವತ್ತಿರೋ ಹೆಸರು ಮೊದಲು ಕೇಳಿಸಿದ್ದು ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರ ಮನೆಯಿಂದ. ಗಾಳಿಯಲ್ಲಿ ಹೋಗೋ ಮಾತು ಇನ್ನೊಬ್ಬರ ಮನಸ್ಸಿಗೆ ಹೆಂಗ ಮುಟ್ಟುತ್ತೆ ಅನ್ನೋ ಕುತೂಹಲ ಅವರಿಗಿದ್ದಿರಬೇಕು ಅಂತ ನನ್ನ ಊಹೆ, ಊಹೆ ಅಷ್ಟೇ.

ಇವರನ್ನ ಎಂ.ವಿ. ಗೋವಿಂದಸ್ವಾಮಿ ಅವರ ಜೊತೆ ಕಲಸಬ್ಯಾಡ್ರಿ. ಗೋವಿಂದಸ್ವಾಮಿ ಮನೋವೈದ್ಯರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರು. ಅದೇ ಸಂಸ್ಥೆ ಮತ್ತು ಪಕ್ಕದ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು.

8/11

ಗೋಪಾಲಸ್ವಾಮಿ ಅವರ ಗುರು ಸ್ಪಿಯರ್‌ಮನ್ ಕತೆ ಇನ್ನೂ ಮಜಾ ಐತಿ. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ. 1897ರಲ್ಲಿ, 34ರ ಹತ್ತಿರ ಬಂದಾಗ, ನೌಕರಿ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ವಿದ್ಯಾರ್ಥಿಯಾಗಿ ಕೂತ. ಅಲ್ಲಿ 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದಿದ್ರು. ನಡುವೆ ಬೋಯರ್ ಯುದ್ಧಕ್ಕೆ ಅಂತ ಸೈನ್ಯ ವಾಪಸ್ ಕರೀತು, ಓದು ನಿಂತಿತು. ಮತ್ತೆ ಹೋಗಿ ಕೂತ. ಪಿಎಚ್‌ಡಿ ಸಿಕ್ಕಿದ್ದು 1906ರಲ್ಲಿ, 40 ದಾಟಿದ ಮೇಲೆ. ಮುಂದೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಅವನ ಹೆಸರಲ್ಲಿ ಒಂದು ಪದಕ ಸ್ಥಾಪಿಸ್ತು, ಸ್ಪಿಯರ್‌ಮನ್ ಮೆಡಲ್. ಯಾರಿಗೆ ಅಂತೀರಿ? ಪಿಎಚ್‌ಡಿ ಆದ ಹೊಸತರಲ್ಲಿ ಒಳ್ಳೆ ಕೆಲಸ ಮಾಡಿದವರಿಗೆ!

ಜೇಮ್ಸ್ 48, ಸ್ಪಿಯರ್‌ಮನ್ 40 ದಾಟಿ. ಹೊಸಬರ ಎರಡು ಗೌರವಗಳು ತಡವಾಗಿ ಶುರು ಮಾಡಿದ ಇಬ್ಬರ ಹೆಸರಲ್ಲಿವೆ. ಈ ಸ್ಪಿಯರ್‌ಮನ್ ಪೂರ್ತಿ ಹೊಗಳಬೇಕಾದ ಮನುಷ್ಯ ಅಂತ ನಾನು ಹೇಳೋದಿಲ್ಲ. ಬುದ್ಧಿಯನ್ನ ಒಂದೇ ಅಂಕೆಗೆ ಇಳಿಸಿ ಮನುಷ್ಯರನ್ನ ಸಾಲಾಗಿ ನಿಲ್ಲಿಸೋ ವಿದ್ಯೆಗೆ ಅವನ ಕೆಲಸವೂ ದಾರಿ ಮಾಡಿಕೊಡ್ತು, ಅದರಿಂದ ಆದ ಕೇಡು ದೊಡ್ಡದು. ಆದ್ರೆ ನಡುವಯಸ್ಸಿನಲ್ಲಿ ಮೊದಲನೇ ಬೆಂಚಿಗೆ ಬಂದು ಕೂತದ್ದನ್ನ ಮಾತ್ರ ಮೆಚ್ಚಲೇಬೇಕು.

9/11

1924ರಲ್ಲಿ ಮೈಸೂರಿನಲ್ಲಿ ಆ ವಿಭಾಗ ತೆರೆದಾಗ ನಮ್ಮ ರಾಯಚೂರಿನ ಹುಡುಗ ಅಲ್ಲಿಗೆ ಹೋಗಬಹುದಿತ್ತೇನು? ಹೋಗಬಹುದಿತ್ತು, ಆದ್ರೆ ಬೇರೆ ರಾಜ್ಯ ಅದು. ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಾಗ ಇದ್ದೆವು. ನಮ್ಮ ಪಾಲಿನ ವಿಶ್ವವಿದ್ಯಾಲಯ ಅಂದ್ರೆ ಹೈದರಾಬಾದಿನ ಉಸ್ಮಾನಿಯಾ, 1918ರಲ್ಲಿ ಶುರುವಾದದ್ದು, ಪಾಠ ಉರ್ದುವಿನಲ್ಲಿ. ಮನಿಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಮುಂದೆ ಓದಬೇಕಂದ್ರೆ ಇಂಗ್ಲಿಷ್. "ಖಬರ" ಅನ್ನೋ ಪದ ನಮ್ಮ ನಾಲಿಗೆಗೆ ಬಂದಿದ್ದೂ ಅದೇ ದಾರಿಯಿಂದ ಇರಬೇಕು.

ಅಂಥ ಹೊತ್ತಿನಲ್ಲಿ, 1920ರ ಸುಮಾರಿಗೆ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ರು. ಅವರಿಗೂ ಆಗ 30ರ ಆಸುಪಾಸು. ವೈದ್ಯ, ಸಂಗೀತ, ನಾಟಕ ಎಲ್ಲದರಲ್ಲೂ ಕೈ ಆಡಿಸಿದ ಮನುಷ್ಯ. ನಿಜಾಮನ ಸರ್ಕಾರಕ್ಕೆ ಸರಿ ಬರಲಿಲ್ಲ, ಊರು ಬಿಡಬೇಕಾಯ್ತು, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಮಾಡಿಕೊಂಡ್ರು. ಮೈಸೂರಿನಲ್ಲಿ ತರುಣನೊಬ್ಬನಿಗೆ ವಿಭಾಗ ಸಿಕ್ಕಿತು, ನಮ್ಮಲ್ಲಿ ತರುಣನೊಬ್ಬ ಗಡಿ ದಾಟಬೇಕಾಯ್ತು.

ಅದಕ್ಕೂ ಹಿಂದೆ ಹೋದ್ರೆ 18ನೇ ಶತಮಾನದ ಮಾನ್ವಿ. ಮಾನ್ವಿಯವರಿಗೆ ಜಗನ್ನಾಥದಾಸರ ಬಗ್ಗೆ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ: ಹುಟ್ಟೂರು ಬ್ಯಾಗವಾಟ, ಮೊದಲ ಹೆಸರು ಶ್ರೀನಿವಾಸಾಚಾರ್ಯ, ಸಂಸ್ಕೃತದ ಘನ ಪಂಡಿತ. ಕನ್ನಡದಲ್ಲಿ ಹಾಡೋ ದಾಸರು ಅಂದ್ರೆ ಆಗ ಅವರಿಗೆ ತಾತ್ಸಾರ ಇತ್ತು, ಚೀಕಲಪರ್ವಿಯ ವಿಜಯದಾಸರು ಕರೆದಾಗ ಹೊಟ್ಟೆನೋವಿನ ನೆಪ ಹೇಳಿದ್ರು, ಆ ನೋವು ನಿಜವೇ ಆಗಿ ಕಾಡಿತು ಅಂತ ಕತೆ ಹೇಳ್ತಾರೆ. ಆಮೇಲೆ ಗೋಪಾಲದಾಸರ ಹತ್ತಿರ ಹೋಗಿ, ಹೆಸರು ಬದಲಿಸಿ, ಕನ್ನಡಕ್ಕೆ ಬಂದ್ರು. ಪಂಡಿತರಾಗಿ ಒಂದು ಜೀವನ ಮುಗಿಸಿ ದಾಸರಾಗಿ ಎರಡನೇದು ಶುರು ಮಾಡಿದ ಮೇಲೆ ಬರೆದದ್ದು ಹರಿಕಥಾಮೃತಸಾರ, 32 ಸಂಧಿ. ಎಚ್ಚರ, ಕನಸು, ಗಾಢನಿದ್ದೆ ಈ ಮೂರು ಸ್ಥಿತಿಗಳಲ್ಲಿ ಜೀವ ಏನಾಗಿರ್ತದೆ ಅನ್ನೋ ಮಾತು ಆ ಪರಂಪರೆಯಲ್ಲಿ ಮನೆಮಾತು. ಅವರ ಉತ್ತರ ದೇವರ ಕಡೆಗಿನದ್ದು, ಪ್ರಯೋಗಾಲಯದ್ದಲ್ಲ. ಎರಡನ್ನೂ ಒಂದೇ ಅಂತ ಹೇಳಿ "ನಮ್ಮೋರಿಗೆ ಎಲ್ಲ ಮೊದಲೇ ಗೊತ್ತಿತ್ತು" ಅಂತ ಎದೆ ತಟ್ಟಿಕೊಳ್ಳೋ ಪೋಸ್ಟ್‌ಗಳು ನನಗೆ ಸೇರೋದಿಲ್ಲ. ಪ್ರಶ್ನೆ ಮಾತ್ರ ಮಾನ್ವಿಗೆ ಹೊರಗಿನದ್ದಲ್ಲ, ಅಷ್ಟೇ ನನ್ನ ಮಾತು.

10/11

ಈಗ ಲೆಕ್ಕಕ್ಕೆ ಬರೋಣ, ನನ್ನ ಸಬ್ಜೆಕ್ಟ್ ಇದು.

ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ ಕೊಡೋ ಇನ್ಫೋಸಿಸ್ ಪ್ರೈಜ್ ಕೇಳಿರ್ತೀರಿ. ಒಂದು ಲಕ್ಷ ಡಾಲರ್, ಚಿನ್ನದ ಪದಕ. 2024ರಿಂದ ಅದನ್ನ 40 ವರ್ಷದ ಒಳಗಿನವರಿಗೆ ಅಂತ ಬದಲಾಯಿಸಿದ್ರು, ಮೊದಲು 50 ಇತ್ತು. ಹೊಸಬರಿಗೆ ಬೇಗ ಬೆಂಬಲ ಸಿಗಲಿ ಅನ್ನೋ ಉದ್ದೇಶ, ಒಳ್ಳೆಯದೇ. ಆ ವರ್ಷ ಅರ್ಥಶಾಸ್ತ್ರದ ಬಹುಮಾನ ಅರುಣ್ ಚಂದ್ರಶೇಖರ್ ಅವರಿಗೆ ಬಂತು. ಹಳ್ಳಿಯಲ್ಲಿ ಸುದ್ದಿ ಯಾರಿಂದ ಯಾರಿಗೆ ಹರೀತದೆ ಅಂತ ಅವರು ಸಂಗಡಿಗರ ಜೊತೆ ಅಧ್ಯಯನ ಮಾಡಿದ್ದು ನಮ್ಮ ಕರ್ನಾಟಕದ 75 ಹಳ್ಳಿಗಳಲ್ಲೇ. ಬಿಕಾಂ ಮಂದಿ ಹುಡುಕಿ ಓದ್ರಿ, ಚಲೋ ಐತಿ. ಕೇಂದ್ರ ಸರ್ಕಾರದ ವಿಜ್ಞಾನ ಯುವ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಗೆ 45ರ ಮಿತಿ. ಗಣಿತದ ಫೀಲ್ಡ್ಸ್ ಮೆಡಲ್‌ಗೆ 40. ಇವೆಲ್ಲ ಹುಟ್ಟಿದ ದಿನದಿಂದ ಎಣಿಸೋ ಗಡಿಯಾರ. ವಿಲಿಯಂ ಜೇಮ್ಸ್ ಬಹುಮಾನದ್ದು ಪಿಎಚ್‌ಡಿ ದಿನದಿಂದ ಎಣಿಸೋ ಗಡಿಯಾರ.

ಇಬ್ಬರನ್ನ ತಗೊಳ್ರಿ. ಒಬ್ಬಳು ದೊಡ್ಡ ಊರಿನವಳು, ಎಲ್ಲೂ ನಿಲ್ಲದೆ ಓದಿ 26ಕ್ಕೆ ಪಿಎಚ್‌ಡಿ. ಇನ್ನೊಬ್ಬಳು ದೇವದುರ್ಗ ತಾಲೂಕಿನವಳು. ಎರಡು ಸಲ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಶಾಲೆ ತಪ್ಪಿತು, ಹತ್ತಿ ಬಿಡಿಸೋ ಸುಗ್ಗಿಗೆ ಹಾಜರಿ ಹೋಯ್ತು, ಪಿಯುಸಿ ಆದ ಮೇಲೆ ಮನೆಗಾಗಿ ಎರಡು ವರ್ಷ ದುಡಿದ್ಲು, ಇಂಗ್ಲಿಷ್ ಹಿಡಿತಕ್ಕೆ ಬರೋಕೆ ಇನ್ನೊಂದಿಷ್ಟು ಕಾಲ. ಪಿಎಚ್‌ಡಿ ಮುಗಿದಾಗ 35. ಹುಟ್ಟಿದ ದಿನದಿಂದ 40 ಅಂತ ಎಣಿಸಿದ್ರೆ ಮೊದಲನೆಯವಳಿಗೆ 14 ವರ್ಷ ಸಿಗ್ತದೆ, ಎರಡನೆಯವಳಿಗೆ 5. ಪಿಎಚ್‌ಡಿ ದಿನದಿಂದ ಎಣಿಸಿದ್ರೆ? ಇಬ್ಬರಿಗೂ 5.

ಈ ಎರಡನೆಯವಳು ನನ್ನ ಕಲ್ಪನೆ. ಆದ್ರೆ ನಮ್ಮ ಕ್ಲಾಸಿನಲ್ಲಿ 23, 24 ಆದವರು ಎಷ್ಟು ಮಂದಿ ಇದ್ದಾರೆ ನೀವೇ ಎಣಿಸ್ರಿ, ಯಾಕೆ ತಡ ಆಯ್ತು ಅಂತ ಕೇಳ್ರಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳನ್ನ ಹಿಂದುಳಿದವು ಅಂತ ಗುರುತಿಸಿ, ಅದರಲ್ಲಿ 39ನ್ನ ಅತ್ಯಂತ ಹಿಂದುಳಿದವು ಅಂತ ಪಟ್ಟಿ ಮಾಡಿತು. ದೇವದುರ್ಗ ಆ 39ರಲ್ಲಿ ಒಂದು. ಆ ವರದಿ ಬಂದ ಮೇಲೆ ಹುಟ್ಟಿದವರು ನಾವು. 371 ಜೆ ಬಂತು, ಮೀಸಲಾತಿ ಬಂತು, 2021ರ ಹೊತ್ತಿಗೆ ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯವೂ ಬಂತು. ಸೀಟು ಸಿಕ್ಕಿತು, ಕಳೆದ ವರ್ಷಗಳನ್ನ ಯಾರೂ ವಾಪಸ್ ಕೊಡಲಿಲ್ಲ.

ಪಿಎಚ್‌ಡಿ ಗಡಿಯಾರ ಪೂರ್ತಿ ನ್ಯಾಯದ್ದು ಅಂತಲ್ಲ. ಅಲ್ಲಿ ಲೆಕ್ಕಕ್ಕೆ ಬರೋದು ಪ್ರಕಟವಾದ ಕೆಲಸ. ದೊಡ್ಡ ಪತ್ರಿಕೆಗಳೆಲ್ಲ ಇಂಗ್ಲಿಷು, ಮಿದುಳು ಸ್ಕ್ಯಾನ್ ಮಾಡೋ ಯಂತ್ರಕ್ಕೆ ಕೋಟಿಗಟ್ಟಲೆ. ಆದ್ರೂ ತತ್ತ್ವಶಾಸ್ತ್ರದ ಕೆಲಸಕ್ಕೂ ಬಾಗಿಲು ತೆರೆದಿರೋದರಿಂದ, ಯಂತ್ರ ಇಲ್ಲದವರೂ ಪೆನ್ನು ಹಿಡಿದು ಒಳಗೆ ಹೋಗಬಹುದು.

11/11

ನಮ್ಮ ಮಂದಿಗೆ ನಿಮ್ಹಾನ್ಸ್ ಗೊತ್ತು. ಯಾರಿಗಾದ್ರೂ ಫಿಟ್ಸ್ ಬಂದ್ರೆ, ತಲೆಗೆ ಪೆಟ್ಟಾದ್ರೆ, ಮನಸ್ಸು ಕೆಟ್ಟರೆ, ಫೈಲ್ ಕೈಯಾಗ ಹಿಡ್ಕೊಂಡು ರಾತ್ರಿ ರೈಲು ಹತ್ತತಾರೆ, ಬೆಳಿಗ್ಗೆ ಹೊತ್ತಿಗೆ ಹೊಸೂರು ರಸ್ತೆಯ ಗೇಟಿನ ಮುಂದೆ ಚೀಟಿ ಸಾಲಿನಲ್ಲಿ ನಿಂತಿರ್ತಾರೆ. ಅದೇ ಕಾಂಪೌಂಡಿನ ಒಳಗೆ ನರಶರೀರಕ್ರಿಯಾ ವಿಭಾಗದಲ್ಲಿ ಪ್ರಜ್ಞೆಯ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ಇದೆ ಅನ್ನೋದು ಆ ಸಾಲಿನಲ್ಲಿ ನಿಂತವರಿಗೆ ಯಾರೂ ಹೇಳಿರೋದಿಲ್ಲ. ಅಲ್ಲಿ ವಿಪಶ್ಯನ ಧ್ಯಾನ ಮಾಡೋರನ್ನ ರಾತ್ರಿಯಿಡೀ ಮಲಗಿಸಿ, ತಲೆಗೆ ತಂತಿ ಅಂಟಿಸಿ, ಅವರ ನಿದ್ದೆ ಉಳಿದವರ ನಿದ್ದೆಗಿಂತ ಹೆಂಗ ಬೇರೆ ಅಂತ ಅಳೆದಿದ್ದಾರೆ. ವಯಸ್ಸಾದಂಗೆ ಗಾಢನಿದ್ದೆ ಕಡಿಮೆ ಆಗೋದು ಸಹಜ, ಧ್ಯಾನಿಗಳಲ್ಲಿ ಅದು ಹೆಚ್ಚು ಉಳಿದಿರೋದು ಕಂಡಿದೆ. ಎಚ್ಚರ, ಕನಸು, ಗಾಢನಿದ್ದೆ, ಮಾನ್ವಿಯ ಆ ಮೂರು ಸ್ಥಿತಿಗಳೇ, ಈ ಸಲ ಇಇಜಿ ಗೆರೆಗಳಲ್ಲಿ.

ನಮ್ಮ ಜಿಲ್ಲೆಯಿಂದ ಆ ಗೇಟಿಗೆ ಹೋದವರಲ್ಲಿ ಬಹುತೇಕರು ರೋಗಿಗಳು ಅಥವಾ ರೋಗಿಯ ಜೊತೆಗಿನವರು. ಅದೇ ಗೇಟಿನೊಳಗೆ ಸಂಶೋಧನೆ ಮಾಡಾಕ ಹೋದವರು ರಾಯಚೂರು, ಮಾನ್ವಿ, ದೇವದುರ್ಗದಾಗ ಯಾರಾದ್ರೂ ನಿಮಗೆ ಗೊತ್ತಿದ್ರೆ ಅವರಿಗೆ ಈ ಪೋಸ್ಟ್ ಕಳಿಸ್ರಿ, ಒಪ್ಪಿದ್ರೆ ಅವರ ಮಾತಿಗೇ ಮುಂದಿನ ಸರಣಿ ಬಿಟ್ಟುಕೊಡ್ತೀನಿ. ಬಿಎ ಮನಶ್ಶಾಸ್ತ್ರ, ಬಿಎಸ್ಸಿ, ನರ್ಸಿಂಗ್ ಓದ್ತಿರೋ ದೋಸ್ತರು ಇದ್ರೆ ಅವರಿಗೂ. "ನನಗೆ ಈಗಾಗಲೇ 24" ಅನ್ನೋರನ್ನ ಮೊದಲು ಟ್ಯಾಗ್ ಮಾಡ್ರಿ.

#ರಾಯಚೂರು #ಮಾನ್ವಿ #ದೇವದುರ್ಗ #ಖಬರ #ಕನ್ನಡದಲ್ಲಿಇತಿಹಾಸ